ಮೂರು ಸಲ ಸೋತವಳಿಗೆ ಉಪ್ಪು ಕಡಿಮೆ ಮಾಡುವ ಧೈರ್ಯ ಎಲ್ಲಿಂದ ಬರಬೇಕು?

ಪ್ರಶ್ನೆ: ನನಗೆ 48 ವರ್ಷ. ಕಟಪಾಡಿಯ ಹತ್ತಿರ ನಮ್ಮ ಮನೆ, ಗಂಡ, ಅತ್ತೆ, ಮಕ್ಕಳು ಸೇರಿ ಐದು ಮಂದಿ. ಮೂರು ವರ್ಷದಿಂದ ಬೀಪಿ ಉಂಟು. ದಿನಕ್ಕೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ತೆಗೆದುಕೊಳ್ಳುತ್ತೇನೆ, ಆದರೂ ಮೇಲಿನದ್ದು 150ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೋದ ಸಲವೆಲ್ಲ ಡಾಕ್ಟ್ರು ‘ಉಪ್ಪು ಕಡಿಮೆ ಮಾಡಿ’ ಅನ್ನುತ್ತಾರೆ. ಮೂರು ಸಲ ಪ್ರಯತ್ನ ಮಾಡಿದೆ. ಮೊದಲ ಸಲ ಅಡುಗೆಗೆ ಉಪ್ಪು ಹಾಕುವುದನ್ನೇ ನಿಲ್ಲಿಸಿದೆ. ನಾಲ್ಕನೇ ದಿನ ಅತ್ತೆ ಬಟ್ಟಲು ಸರಿಸಿ ಎದ್ದುಹೋದರು. ಎರಡನೇ ಸಲ ನನಗೊಬ್ಬಳಿಗೆ ಬೇರೆ ಮಾಡಿಕೊಂಡೆ. ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ಬಂತು, ಅಲ್ಲಿಗೆ ಅದೂ ಮುಗಿಯಿತು. ಮೂರನೇ ಸಲ ಇಂದುಪ್ಪು ತಂದೆ, ಎರಡು ತಿಂಗಳು ಹಾಕಿದರೂ ಬೀಪಿ ಇಳಿಯಲಿಲ್ಲ. ಈಗ ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ. ಕೆಲವರಿಗೆ ಮನಸ್ಸು ಗಟ್ಟಿ ಇರುತ್ತದೆ, ನನಗೆ ಇಲ್ಲ ಅಂತ ಕಾಣುತ್ತದೆ. ಏನು ಮಾಡಲಿ? ಇನ್ನೊಂದು: ಅತ್ತೆ ಹಾಕಿಟ್ಟ ಮಿಡಿ ಉಪ್ಪಿನಕಾಯಿ ಎರಡು ಭರಣಿ ಉಂಟು. ಅದನ್ನು ಪೂರ್ತಿ ಬಿಡಲೇಬೇಕಾ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಅನ್ನಿಸಿದ್ದು, ಇದರಲ್ಲಿ ನಿಮ್ಮ ತಪ್ಪಿಗಿಂತ ನಾವು ವೈದ್ಯರು ಮಾಡಿದ ತಪ್ಪೇ ದೊಡ್ಡದು ಎಂದು. ‘ಉಪ್ಪು ಕಡಿಮೆ ಮಾಡಿ’ ಎನ್ನಲಿಕ್ಕೆ ಎರಡು ಸೆಕೆಂಡು ಸಾಕು. ನಾನೂ ಮಂಗಳೂರಿನಲ್ಲಿ ಇಪ್ಪತ್ತು ವರ್ಷ ಇದನ್ನೇ ಹೇಳಿಕೊಂಡು ಬಂದವನು. ಎಷ್ಟರಿಂದ ಎಷ್ಟಕ್ಕೆ, ಯಾವ ಪದಾರ್ಥದಲ್ಲಿ, ಎಷ್ಟು ದಿನದಲ್ಲಿ ಎಂದು ಒಬ್ಬರಿಗೂ ಬಿಡಿಸಿ ಹೇಳಿದವನಲ್ಲ. ನನಗೇ ಬೀಪಿ ಶುರುವಾಗಿ ಮನೆಗೆ ಹೋಗಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ಆಯ್ತು, ಎಷ್ಟು ಹಾಕ್ಬೇಕು ಹಾಗಾದ್ರೆ?” ಕೈಯಲ್ಲಿ ಚಮಚ ಹಿಡಿದುಕೊಂಡು ನಿಂತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಮೂರು ಸೋಲನ್ನು ಒಂದೊಂದಾಗಿ ನೋಡೋಣ, ಯಾಕೆಂದರೆ ಮೂರೂ ಬೇರೆ ಬೇರೆ ಕಾರಣಕ್ಕೆ ಆದವು.

ಮೊದಲನೆಯದು ನಾಲಿಗೆಯ ಲೆಕ್ಕ ಗೊತ್ತಿಲ್ಲದೆ ಆದದ್ದು. ಇಷ್ಟು ವರ್ಷ ಒಂದು ಮಟ್ಟದ ಉಪ್ಪಿಗೆ ಒಗ್ಗಿದ ನಾಲಿಗೆಗೆ ರಾತ್ರಿ ಬೆಳಗಾಗುವುದರೊಳಗೆ ಸೊನ್ನೆ ಉಪ್ಪು ಕೊಟ್ಟರೆ ಅದು ಚಪ್ಪೆ ಎಂದು ಕೂಗುತ್ತದೆ, ಕೂಗಲೇಬೇಕು. ಆದರೆ ಆ ನಾಲಿಗೆ ಬದಲಾಗುತ್ತದೆ. 1982ರಲ್ಲಿ ಅಮೆರಿಕದ ಸಂಶೋಧಕರು ಕೆಲವರಿಗೆ ಐದು ತಿಂಗಳು ಕಡಿಮೆ ಉಪ್ಪಿನ ಊಟ ಕೊಟ್ಟು ನೋಡಿದರು. ದಿನ ಹೋದಂತೆ ಅವರಿಗೆ ಸೂಪಿನಲ್ಲೂ ಬಿಸ್ಕತ್ತಿನಲ್ಲೂ ಮೊದಲಿಗಿಂತ ಕಡಿಮೆ ಉಪ್ಪೇ ರುಚಿ ಅನ್ನಿಸತೊಡಗಿತು. ಹೀಗೆ ಹೊಂದಿಕೊಳ್ಳಲಿಕ್ಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬೇಕು. ನೀವು ನಿಲ್ಲಿಸಿದ್ದು ನಾಲ್ಕನೇ ದಿನ. ಅತ್ಯಂತ ಕಷ್ಟದ ವಾರದ ನಡುವಿನಲ್ಲಿ ಇಳಿದುಬಿಟ್ಟಿರಿ, ಅಷ್ಟೇ.

ಎರಡನೆಯದು ಒಂಟಿಯಾಗಿ ಮಾಡಿದ್ದರಿಂದ ಬಿತ್ತು. ಐದು ಮಂದಿಗೆ ಒಂದು ಪಾತ್ರೆ, ನಿಮಗೆ ಒಂದು ಸಣ್ಣ ಪಾತ್ರೆ. ನಮ್ಮ ಕಡೆಯ ಹೆಂಗಸರು ಇದನ್ನು ಎರಡು ವಾರಕ್ಕಿಂತ ಹೆಚ್ಚು ನಡೆಸಿದ್ದನ್ನು ನಾನು ಕಂಡಿಲ್ಲ. ಗಂಡಸರಿಗಾದರೆ ಬೇರೆ ಮಾಡಿ ಹಾಕುವವರು ಇರುತ್ತಾರೆ, ಅವರು ಆರು ತಿಂಗಳು ನಡೆಸುತ್ತಾರೆ. ಆಮೇಲೆ ಕ್ಲಿನಿಕ್ಕಿಗೆ ಬಂದು ‘ನನಗೆ ಕಂಟ್ರೋಲ್ ಉಂಟು ಡಾಕ್ಟ್ರೇ’ ಅನ್ನುತ್ತಾರೆ!

ಮೂರನೆಯದು ಸೋಲೇ ಅಲ್ಲ, ತಪ್ಪು ಮಾಹಿತಿ. ಇಂದುಪ್ಪಾಗಲಿ, ಗುಲಾಬಿ ಬಣ್ಣದ ಹಿಮಾಲಯದ ಉಪ್ಪಾಗಲಿ, ಗೋಕರ್ಣದ ಪಕ್ಕದ ಸಾಣಿಕಟ್ಟದಿಂದ ಬರುವ ಹರಳುಪ್ಪಾಗಲಿ, ಎಲ್ಲದರಲ್ಲೂ ಹೆಚ್ಚುಕಡಿಮೆ ಪೂರ್ತಿ ಇರುವುದು ಸೋಡಿಯಂ ಕ್ಲೋರೈಡೇ. ತೂಕದಲ್ಲಿ ಸುಮಾರು 40 ಶೇಕಡಾ ಸೋಡಿಯಂ. ಬೀಪಿ ಏರಿಸುವುದು ಈ ಸೋಡಿಯಂ. ಅದು ದೇಹದಲ್ಲಿ ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಅದನ್ನು ಹೊರಹಾಕಲಿಕ್ಕೆ ಕಿಡ್ನಿಗೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಉಪ್ಪಿನ ಬಣ್ಣ ಕಿಡ್ನಿಗೆ ಕಾಣುವುದಿಲ್ಲ. ಮೇಲಿಂದ ಇಂದುಪ್ಪಿಗೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ, ಮನೆಯಲ್ಲಿ ಮಕ್ಕಳಿರುವಾಗ ಅದೂ ಒಂದು ನಷ್ಟ. ಎರಡು ತಿಂಗಳು ಅದನ್ನೇ ತಪ್ಪದೆ ಬಳಸಿದಿರಲ್ಲ, ಮನಸ್ಸು ಗಟ್ಟಿ ಇಲ್ಲದವರ ಕೆಲಸವೇ ಅದು?

ಈಗ ನಂಬಿಕೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಅಲ್ಲಿಯೇ ಇರುವುದು.

‘ಆತ್ಮವಿಶ್ವಾಸ’ ಎಂದು ನಾವು ಹೇಳುವಾಗ ಅದೊಂದು ಹುಟ್ಟುಗುಣ, ಎತ್ತರದ ಹಾಗೆ, ಕೆಲವರಿಗೆ ಉಂಟು ಕೆಲವರಿಗೆ ಇಲ್ಲ ಎಂಬ ಧಾಟಿ ಬಂದುಬಿಡುತ್ತದೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಇದನ್ನು ಬೇರೆ ರೀತಿಯಲ್ಲಿ ನೋಡಿದರು. ಒಂದು ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆ ಎಂಬ ನಂಬಿಕೆ ಆ ಕೆಲಸಕ್ಕೆ ಮಾತ್ರ ಸಂಬಂಧಪಟ್ಟದ್ದು, ಮತ್ತು ಅದನ್ನು ಬೆಳೆಸಬಹುದು ಎಂದರು. ಅವರು ಪರೀಕ್ಷೆಗೆ ಆರಿಸಿಕೊಂಡದ್ದು ಹಾವಿಗೆ ವಿಪರೀತ ಹೆದರುವವರನ್ನು. (ಮನೆಮನೆಗೆ ನಾಗಬನ ಇರುವ ನಮ್ಮೂರಿನಲ್ಲಿ ಈ ಉದಾಹರಣೆ ಕೊಡುವುದಕ್ಕೆ ತಪ್ಪು ತಿಳಿಯಬೇಡಿ.) ಕೆಲವರು ಇನ್ನೊಬ್ಬರು ಹಾವು ಮುಟ್ಟುವುದನ್ನು ನೋಡಿದರು, ಅಷ್ಟೇ. ಇನ್ನು ಕೆಲವರು ಜೊತೆಗೊಬ್ಬರ ಸಹಾಯ ಇಟ್ಟುಕೊಂಡು ತಾವೇ ಹಂತ ಹಂತವಾಗಿ ಹತ್ತಿರ ಹೋಗಿ, ಮುಟ್ಟಿ, ಕೊನೆಗೆ ಕೈಯಲ್ಲಿ ಹಿಡಿದರು. ನಂಬಿಕೆ ಎಲ್ಲಕ್ಕಿಂತ ಹೆಚ್ಚಾದದ್ದು ಸ್ವಂತ ಕೈಯಿಂದ ಮಾಡಿದವರಲ್ಲಿ. ನೋಡಿ ಕಲಿತವರದ್ದು ಅದಕ್ಕಿಂತ ಕಡಿಮೆ. ‘ಮಾಡಬಲ್ಲೆ’ ಎಂದು ಒಬ್ಬರು ಹೇಳಿದ ಮಟ್ಟಕ್ಕೂ ಮುಂದೆ ಅವರು ನಿಜವಾಗಿ ಮಾಡಿದ್ದಕ್ಕೂ ಚೆನ್ನಾಗಿ ತಾಳೆಯಾಗುತ್ತಿತ್ತು.

ಇದರಿಂದ ನಿಮಗೆ ಏನು ಉಪಯೋಗ? ನೀವು ಐದು ಮಂದಿಯ ಮನೆ ನಡೆಸುತ್ತೀರಿ, ಮೂರು ವರ್ಷದಿಂದ ಮಾತ್ರೆ ತಪ್ಪಿಸಿಲ್ಲ. ಆ ಕೆಲಸಗಳಲ್ಲಿ ನಿಮ್ಮ ನಂಬಿಕೆಗೆ ಏನೂ ಆಗಿಲ್ಲ. ಉಪ್ಪಿನ ವಿಷಯದಲ್ಲಿ ಮಾತ್ರ ನೀವು ಪ್ರತಿ ಸಲ ಮೊದಲ ದಿನವೇ ಹಾವನ್ನು ಕೊರಳಿಗೆ ಸುತ್ತಿಕೊಳ್ಳಲಿಕ್ಕೆ ಹೋದಿರಿ. ಪ್ರತಿ ಸೋಲೂ ‘ನನ್ನಿಂದ ಆಗುವುದಿಲ್ಲ’ ಎಂಬುದಕ್ಕೆ ಇನ್ನೊಂದು ಸಾಕ್ಷಿಯಾಗಿ ಕೂತಿತು. ಇನ್ನು ಬೇಕಾದದ್ದು ಸಣ್ಣ ಸಣ್ಣ ಗೆಲುವಿನ ಸಾಕ್ಷಿ, ಅದೂ ಲೆಕ್ಕಕ್ಕೆ ಸಿಗುವಂಥದ್ದು.

ಆ ಲೆಕ್ಕ ಇಡುವ ಒಂದು ಉಪಾಯವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಸುರತ್ಕಲ್ ಕಡೆಯ, ಬೀಡಿ ಕಟ್ಟುವ ಒಬ್ಬರು ಹೆಂಗಸು, ಬೀಪಿ ನಿಮ್ಮಷ್ಟೇ. ನಾನು ಎಂದಿನಂತೆ ‘ಕಡಿಮೆ ಮಾಡಿ’ ಎಂದು ಕಳಿಸಿದ್ದೆ. ಮುಂದಿನ ಸಲ ಬಂದವರು ಬ್ಯಾಗಿನಿಂದ ಮಡಚಿದ ಖಾಲಿ ಉಪ್ಪಿನ ಪ್ಯಾಕೆಟ್ ಮೂರು ತೆಗೆದು ಮೇಜಿನ ಮೇಲೆ ಸಾಲಾಗಿ ಹರಡಿದರು. ಒಂದೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ಎರಡು ತಾರೀಕು, ಒಡೆದದ್ದು ಮತ್ತು ಮುಗಿದದ್ದು. ಕಡಲೆಹಿಟ್ಟಿನ ಬಣ್ಣಕ್ಕೆ ತಿರುಗಿದ ಬೆರಳಿನಿಂದ ತೋರಿಸುತ್ತಾ ಹೇಳಿದರು: “ಬೀಡಿ ಪುಸ್ತಕದಲ್ಲಿ ಲೆಕ್ಕ ಬರೆದ ಹಾಗೆ ಬರೆದೆ. ಇದು 28 ದಿನ ಬಂತು, ಇದು 34, ಇದು 41.” ಮನೆಯಲ್ಲಿ ನಾಲ್ಕು ಮಂದಿ. ನಾನು ಕ್ಯಾಲ್ಕ್ಯುಲೇಟರ್ ತೆಗೆದೆ. ಒಂದು ಕಿಲೋ 28 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 9 ಗ್ರಾಂ ಹತ್ತಿರ. 41 ದಿನ ಬಂದರೆ 6 ಗ್ರಾಂ. ಅವರಿಗೆ ಗ್ರಾಂ ಬೇಕಿರಲಿಲ್ಲ, 28 ಹೋಗಿ 41 ಆದದ್ದು ಸಾಕಿತ್ತು. ನಾನು ಕೇಳದೆಯೇ ಅಂದರು: “ಇನ್ನು 45 ಮಾಡ್ತೇನೆ ನೋಡಿ.” ಆ ‘ಮಾಡ್ತೇನೆ ನೋಡಿ’ ಇದೆಯಲ್ಲ, ಬಂಡೂರ ಬರೆದದ್ದು ಅದನ್ನೇ.

ನೀವೂ ಇದನ್ನೇ ಮಾಡಿ. ನಾಳೆ ಹೊಸ ಪ್ಯಾಕೆಟ್ ಒಡೆದು ತಾರೀಕು ಬರೆಯಿರಿ. ಮೊದಲ ಪ್ಯಾಕೆಟ್ಟಿನಲ್ಲಿ ಏನೂ ಬದಲಾಯಿಸಬೇಡಿ, ಈಗ ಎಲ್ಲಿದ್ದೇವೆ ಎಂಬುದು ಗೊತ್ತಾಗಲಿ. ಅರ್ಧ ಕಿಲೋ ಪ್ಯಾಕೆಟ್ ತಂದರೆ ಬೇಗ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಸಣ್ಣ ಚಹಾ ಚಮಚ ಸಪಾಟಾಗಿ ತುಂಬಿದರೆ ಅದಕ್ಕೂ ತುಸು ಕಡಿಮೆ. ಐದು ಮಂದಿಗೆ ದಿನಕ್ಕೆ 25 ಗ್ರಾಂ, ಒಂದು ಕಿಲೋ 40 ದಿನ. ಆದರೆ ಉಪ್ಪಿನಕಾಯಿ, ಹಪ್ಪಳ, ಬೇಕರಿ, ಹೋಟೆಲಿನದ್ದು ಈ ಪ್ಯಾಕೆಟ್ಟಿನ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಪ್ಯಾಕೆಟ್ 40ಕ್ಕಿಂತಲೂ ಮುಂದೆ ಹೋಗಬೇಕು. ಒಂದು ಎಚ್ಚರ: ಮೀನು ತೊಳೆಯಲಿಕ್ಕೆ ಉಪ್ಪು ಹಾಕಿ ಉಜ್ಜುವ ಅಭ್ಯಾಸ ಇದ್ದರೆ ಅದಕ್ಕೆ ಬೇರೆ ಡಬ್ಬಿ ಇಡಿ. ಇಲ್ಲದಿದ್ದರೆ ಬಂಗುಡೆ ತೊಳೆದ ನೀರಿನ ಉಪ್ಪೂ ನಿಮ್ಮ ತಲೆಯ ಮೇಲೆ ಬರುತ್ತದೆ.

ಇನ್ನು, ನಮ್ಮ ಮನೆಗಳಲ್ಲಿ ಉಪ್ಪು ಎಲ್ಲೆಲ್ಲಿ ಕೂತಿದೆ ಎಂದು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಯಾಕೆಂದರೆ ಪೇಟೆಯ ಆಹಾರತಜ್ಞರ ಪಟ್ಟಿಯಲ್ಲಿ ಚಿಪ್ಸು, ಪಿಜ್ಜಾ, ಸಾಸ್ ಇರುತ್ತದೆ, ನುಂಗೆಲ್, ಅಂದರೆ ಒಣಮೀನು, ಇರುವುದಿಲ್ಲ.

ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಊರು ಇದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ದೋಣಿ ಕಡಲಿಗೆ ಇಳಿಯುತ್ತಿರಲಿಲ್ಲ, ಸಂತೆಯಲ್ಲಿ ತರಕಾರಿ ಇರುತ್ತಿರಲಿಲ್ಲ. ಆಗ ಹೊಟ್ಟೆ ಹೊರೆದದ್ದು ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟದ್ದೇ. ಹಲಸಿನ ಉಪ್ಪುಸೊಳೆ, ನೀರುಮಾವಿನಕಾಯಿ, ಮಿಡಿ, ಒಣಮೀನು, ಒಣ ಎಟ್ಟಿ (ಸಿಗಡಿ), ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು. ಫ್ರಿಜ್ ಇಲ್ಲದ ಕಾಲದ ಫ್ರಿಜ್ ಅದು. ಅಂದಿನವರು ಗದ್ದೆಯಲ್ಲಿ ದಿನವಿಡೀ ಬೆವರು ಸುರಿಸುತ್ತಿದ್ದರು ಎಂಬುದೂ ನಿಜ. ಈಗ ಮಳೆಗಾಲದಲ್ಲೂ ಮನೆ ಬಾಗಿಲಿಗೆ ಬೆಂಡೆ ತೊಂಡೆ ಬರುತ್ತದೆ, ಒಳಗೆ ಫ್ಯಾನ್ ತಿರುಗುತ್ತದೆ, ಭರಣಿ ಮಾತ್ರ ಅಲ್ಲೇ ಉಂಟು. ‘ನಮ್ಮೂರಿನ ಸೆಕೆಗೆ ಉಪ್ಪು ಬೇಕಲ್ಲ ಡಾಕ್ಟ್ರೇ’ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕುಳಿತು ಬೆವರುವ ಬೆವರಿಗೆ 5 ಗ್ರಾಂ ಧಾರಾಳ ಸಾಕು. ಬಿಸಿಲಿನಲ್ಲಿ ಕಲ್ಲು ಹೊರುವವರ ಮಾತು ಬೇರೆ.

ಕುಚ್ಚಲಕ್ಕಿ ಗಂಜಿಯನ್ನೇ ತೆಗೆದುಕೊಳ್ಳಿ. ಅಕ್ಕಿಯಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಬೀಪಿಯವರಿಗೆ ಇದಕ್ಕಿಂತ ಒಳ್ಳೆಯ ಊಟ ಹುಡುಕಿದರೂ ಸಿಗದು. ನಾವು ಮಾಡುವುದೇನು? ಬಟ್ಟಲಿಗೆ ಒಂದು ಚಿಟಿಕೆ ಉಪ್ಪು ಬೆರೆಸುತ್ತೇವೆ, ಪಕ್ಕಕ್ಕೆ ಉಪ್ಪಿನಕಾಯಿ, ಅದರ ಜೊತೆ ಸುಟ್ಟ ಹಪ್ಪಳ ಅಥವಾ ಒಣಮೀನಿನ ಚಟ್ನಿ. ಉಪ್ಪಿಲ್ಲದ ಒಂದು ಊಟಕ್ಕೆ ನಾಲ್ಕು ಕಡೆಯಿಂದ ಉಪ್ಪು ಬಂದು ಬೀಳುತ್ತದೆ. ನಾಲ್ಕರಲ್ಲಿ ಒಂದು ಇದ್ದರೆ ಸಾಕು, ನಾಲಿಗೆಗೆ ಬೇಕಾದದ್ದು ಸಿಗುತ್ತದೆ. ಯಾವ ಒಂದು ಎಂಬುದನ್ನು ದಿನಕ್ಕೊಂದರಂತೆ ನೀವೇ ಆರಿಸಿಕೊಳ್ಳಿ. ಒಣಮೀನಿನ ದಿನ ಅದನ್ನು ನೀರಿನಲ್ಲಿ ನೆನೆಸಿ, ನೀರು ಎರಡು ಸಲ ಚೆಲ್ಲಿ, ಆಮೇಲೆ ಪದಾರ್ಥಕ್ಕೆ ಉಪ್ಪು ಹಾಕದೆ ಮಾಡಿ.

ಅಂಗಡಿ ಪ್ಯಾಕೆಟ್ಟಿನ ಹಿಂದೆ ‘ಸೋಡಿಯಂ’ ಎಂದು ಮಿಲಿಗ್ರಾಮಿನಲ್ಲಿ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ಮಕ್ಕಳಿಗೆ ಈ ಗುಣಾಕಾರ ಕಲಿಸಿಬಿಡಿ, ಆಮೇಲೆ ಅವರೇ ನಿಮ್ಮನ್ನು ಹಿಡಿಯುತ್ತಾರೆ.

ಈಗ ಕೆಲಸಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಮಾಡಿ. ‘ಇದನ್ನು ಮುಂದಿನ ಎರಡು ವಾರ ಮಾಡಬಲ್ಲೆ ಎಂಬ ನಂಬಿಕೆ ನನಗೆ ಹತ್ತರಲ್ಲಿ ಎಷ್ಟು?’ ಅಡುಗೆಗೆ ಉಪ್ಪೇ ಹಾಕುವುದಿಲ್ಲ ಎಂಬುದಕ್ಕೆ ನೀವು ಎಷ್ಟು ಕೊಡುತ್ತೀರಿ? ಎರಡು ಕೊಟ್ಟರೆ ಹೆಚ್ಚು. ಗಂಜಿಗೆ ಮಾತ್ರ ಉಪ್ಪು ಹಾಕುವುದಿಲ್ಲ ಎಂಬುದಕ್ಕೆ? ಎಂಟೋ ಒಂಬತ್ತೋ ಬರಬಹುದು. ಏಳಕ್ಕಿಂತ ಕೆಳಗೆ ಬಂದರೆ ಆ ಗುರಿಯನ್ನು ಮುಟ್ಟಬೇಡಿ, ಅದನ್ನೇ ಒಡೆದು ಸಣ್ಣದು ಮಾಡಿ. ನನ್ನ ರೋಗಿಗಳಿಗೆ ಈಗ ನಾನು ಉಪ್ಪಿನ ಬಗ್ಗೆ ಭಾಷಣ ಮಾಡುವುದಿಲ್ಲ, ಈ ಅಂಕಿಯನ್ನು ಮಾತ್ರ ಕೇಳುತ್ತೇನೆ.

ಅತ್ತೆಯವರ ವಿಷಯ. ಅವರಿಗೆ ಹೇಳದೆ ಮಾಡಿ ಎಂದರೆ ಮೋಸದ ಸಲಹೆಯಂತೆ ಕೇಳಿಸೀತು, ಆದರೆ ನಾನು ಅದನ್ನೇ ಹೇಳುವವನು. ಬ್ರಿಟನ್ನಿನಲ್ಲಿ 2001ರಿಂದ 2011ರೊಳಗೆ ಬ್ರೆಡ್ಡಿನ ಉಪ್ಪನ್ನು ಸದ್ದಿಲ್ಲದೆ, ಸ್ವಲ್ಪ ಸ್ವಲ್ಪವಾಗಿ, ಸುಮಾರು 20 ಶೇಕಡಾ ಇಳಿಸಿದರು. ಜನ ಬ್ರೆಡ್ ತಿನ್ನುತ್ತಲೇ ಇದ್ದರು. ನೀವೂ ಹಾಗೆಯೇ. ಕೈಯಂದಾಜು ಬಿಟ್ಟು ಒಂದೇ ಚಮಚ ಇಟ್ಟುಕೊಳ್ಳಿ, ಅದನ್ನು ಉಪ್ಪಿನ ಡಬ್ಬಿಯ ಒಳಗೇ ಬಿಡಿ. ಹುಳಿಗೆ ನಾಲ್ಕು ಚಮಚ ಬೀಳುತ್ತಿದ್ದರೆ ಎರಡು ವಾರ ಮೂರೂವರೆ ಹಾಕಿ. ಮೂರೂವರೆ ಹಳತಾದ ಮೇಲೆ ಮೂರಕ್ಕೆ ಬನ್ನಿ. ಒಂದು ಸಲಕ್ಕೆ ಹತ್ತರಲ್ಲಿ ಒಂದು ಪಾಲು ತಗ್ಗಿದ್ದು ಹೆಚ್ಚಿನವರ ನಾಲಿಗೆಗೆ ಗೊತ್ತಾಗುವುದಿಲ್ಲ. ಹೀಗೆ ಮಾಡಿದರೆ ಮನೆಗೆಲ್ಲ ಒಂದೇ ಪಾತ್ರೆ ಸಾಕು, ನಿಮಗೆ ‘ಕಾಯಿಲೆಯವಳ ಅಡುಗೆ’ಯ ಹಂಗೂ ಇಲ್ಲ. 5 ಗ್ರಾಮಿನ ಮಿತಿ ಬೀಪಿ ಇದ್ದವರಿಗೆ ಮಾತ್ರ ಎಂದು ಯಾರೂ ಹೇಳಿಲ್ಲ, ಅದು ನಿಮ್ಮ ಗಂಡನಿಗೂ ಅತ್ತೆಗೂ ಅಷ್ಟೇ ಅನ್ವಯ. ಮಕ್ಕಳಿಗಾದರೆ ಇನ್ನೂ ಕಡಿಮೆ.

ರುಚಿಯ ಬಗ್ಗೆ ಎರಡು ಮಾತು. ‘ಉಪ್ಪು ಕಡಿಮೆ ಮಾಡಿ, ಹುಳಿ ಹೆಚ್ಚು ಹಾಕಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ಅಡುಗೆಗೆ ಅದು ಅರ್ಧ ಮಾತ್ರ ಸರಿ. ಹುಣಸೆಯನ್ನು ಗಟ್ಟಿಯಾಗಿ ಹಿಂಡಿ ಕುದಿಸಿದ ಪುಳಿಮುಂಚಿ ಮೀನುಸಾರು ತಾನಾಗಿಯೇ ಉಪ್ಪು ಕೇಳುತ್ತದೆ, ಮೀನು ಮಾಡಿದವರಿಗೆಲ್ಲ ಇದು ಗೊತ್ತು. ಅಲ್ಲಿ ಹುಳಿಯನ್ನೂ ಮೆಣಸನ್ನೂ ಜೊತೆಗೇ ತಗ್ಗಿಸಬೇಕು. ಅದೇ ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆ, ಪಲ್ಯಕ್ಕೆ ತುರಿದು ಹಾಕಿದ ಮಾವಿನಕಾಯಿ, ಸಾರಿಗೆ ಕೊನೆಗೆ ಬಿಟ್ಟ ಪುನರ್ಪುಳಿ, ಇವು ಉಪ್ಪು ಕೇಳದೆ ಚಪ್ಪೆತನ ಮುಚ್ಚುತ್ತವೆ. ತಂಬುಳಿಗೆ ಜೀರಿಗೆ, ಕಾಳುಮೆಣಸು, ಶುಂಠಿ ಸರಿಯಾಗಿ ಬಿದ್ದರೆ ಅರ್ಧ ಉಪ್ಪು ಸಾಕು. ಪಲ್ಯಕ್ಕೆ ಬೇಯುವಾಗ ಹಾಕುವ ಬದಲು ಇಳಿಸಿದ ಮೇಲೆ ಉದುರಿಸಿ. ಮೇಲಿನ ಉಪ್ಪು ಮೊದಲು ನಾಲಿಗೆಗೆ ತಾಗುತ್ತದೆ, ಹಾಗಾಗಿ ಕಡಿಮೆಯಲ್ಲೇ ಕೆಲಸ ಆಗುತ್ತದೆ.

ಬ್ರಹ್ಮಕಲಶೋತ್ಸವದ ಊಟ, ಮದುವೆ ಊಟ, ಇವುಗಳಿಗೆ ಮೊದಲೇ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ಎಲೆ ಹಾಕಿದ ಕೂಡಲೇ ಮೊದಲು ಬರುವುದು ಉಪ್ಪು, ಅದರ ಬೆನ್ನಿಗೇ ಉಪ್ಪಿನಕಾಯಿ. ಬಡಿಸುವವರು ಓಡುವ ಓಟದಲ್ಲಿ ಬಾಯಿಮಾತು ಕೇಳಿಸುವುದಿಲ್ಲ, ಎಲೆಯ ತುದಿಗೆ ಕೈ ಅಡ್ಡ ಹಿಡಿಯಬೇಕು. ತಮಾಷೆಯಾಗಿ ಕಾಣಬಹುದು, ಆದರೆ ಮನೆಯಲ್ಲಿ ಒಂದೆರಡು ಸಲ ಹಾಗೆ ಕೈ ಹಿಡಿದು ಅಭ್ಯಾಸ ಮಾಡಿ ಹೋದವರಿಗೆ ಅಲ್ಲಿ ಕೈ ತಾನಾಗಿ ಏಳುತ್ತದೆ. ಉಳಿದದ್ದನ್ನು ಊಟ ಮಾಡಿ. ಒಂದು ದಿನದ ಊಟದಿಂದ ಎರಡು ವಾರದ ಕೆಲಸ ಅಳಿಸಿಹೋಗುವುದಿಲ್ಲ. ಕಳೆದ ಸಲ ನಿಮ್ಮ ಪ್ರಯತ್ನ ನಿಂತದ್ದು ಆ ಊಟದಿಂದಲ್ಲ, ‘ಇನ್ನು ಮುಗಿಯಿತು’ ಎಂದು ಮರುದಿನ ನೀವು ಅಂದುಕೊಂಡದ್ದರಿಂದ.

ಈ ನಡುವೆ ಮೈಯ ಸುಳ್ಳು ಸಂದೇಶಕ್ಕೂ ತಯಾರಿರಿ. ಉಪ್ಪು ಕಡಿಮೆ ಮಾಡಿದ ವಾರದಲ್ಲಿ ಒಂದು ದಿನ ಸುಸ್ತಾದರೆ, ತಲೆ ಭಾರವಾದರೆ, ಪಕ್ಕದ ಮನೆಯವರು ‘ಉಪ್ಪು ಕಡಿಮೆಯಾಗಿ ಆದದ್ದು’ ಎಂದು ತೀರ್ಪು ಕೊಟ್ಟಾಗುತ್ತದೆ. 9 ಗ್ರಾಮಿನಿಂದ 7ಕ್ಕೆ ಬಂದದ್ದರಿಂದ ಹಾಗೆ ಆಗುವುದಿಲ್ಲ. ಆದರೆ ನಿಜವಾಗಿ ಎಚ್ಚರ ಬೇಕಾದವರೂ ಇದ್ದಾರೆ: ಮೂತ್ರ ಹೆಚ್ಚಿಸುವ ಬೀಪಿ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರು. ಅವರಿಗೆ ವಾಂತಿ ಭೇದಿ ಹಿಡಿದರೆ, ಊಟ ಬಿಟ್ಟರೆ, ರಕ್ತದ ಸೋಡಿಯಂ ವಿಪರೀತ ಇಳಿದು ಮಂಕು ಕವಿಯುತ್ತದೆ. ಅತ್ತೆಯವರಿಗೆ ಅಂಥ ಮಾತ್ರೆ ಇದ್ದರೆ ಅವರ ಡಾಕ್ಟರಿಗೆ ಮೊದಲೇ ಹೇಳಿಡಿ. ಸೊನ್ನೆ ಉಪ್ಪು ಎಂಬುದು ನನ್ನ ಸಲಹೆಯಲ್ಲಿ ಎಲ್ಲಿಯೂ ಇಲ್ಲ.

ನೀವು ಕೇಳಿಲ್ಲ, ಆದರೆ ಅಂಗಡಿಯವರು ನಾಳೆ ಹೇಳಿಯೇ ಹೇಳುತ್ತಾರೆ: ‘ಲೋ ಸೋಡಿಯಂ ಉಪ್ಪು ತೆಗೆದುಕೊಳ್ಳಿ.’ ಇದು ಇಂದುಪ್ಪಿನಂತಲ್ಲ, ಇದರಲ್ಲಿ ಸತ್ವ ಇದೆ. ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು 14 ಶೇಕಡಾ ಕಡಿಮೆಯಾಯಿತು. ಆದರೆ ಕಿಡ್ನಿ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತಕ್ಕೇ ಅಪಾಯ. ನೀವು ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ಕೂಡ ಪೊಟ್ಯಾಸಿಯಮ್ಮನ್ನು ಹಿಡಿದಿಡುವ ಜಾತಿಯದ್ದು. ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಕೇಳದೆ ಅದನ್ನು ಮನೆಗೆ ತರಬೇಡಿ.

ಎಷ್ಟು ಇಳಿಯಬಹುದು ಎಂಬುದನ್ನೂ ನೇರವಾಗಿ ಹೇಳಿಬಿಡುತ್ತೇನೆ, ಮತ್ತೆ ನಿರಾಸೆ ಬೇಡ. ದಿನಕ್ಕೆ 4-5 ಗ್ರಾಂ ಉಪ್ಪು ತಗ್ಗಿಸಿ ಕನಿಷ್ಠ ಒಂದು ತಿಂಗಳು ನಡೆಸಿದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬೀಪಿ ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು, ಕೆಳಗಿನದ್ದು 3ರಷ್ಟು ಇಳಿದಿತ್ತು. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. 150 ಇದ್ದದ್ದು ಇದೊಂದರಿಂದಲೇ 120 ಆಗುವುದಿಲ್ಲ. ಆದರೆ ಟೆಲ್ಮಿಸಾರ್ಟನ್ ಜಾತಿಯ ಮಾತ್ರೆ ಉಪ್ಪು ಕಡಿಮೆ ಇರುವ ಮೈಯಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಆ ಲಾಭ ನಿಮಗೆ ಸಿಗುತ್ತದೆ. ಮಾತ್ರೆ ಮಾತ್ರ ಬಿಡಬೇಡಿ. ಇಷ್ಟು ದಿನ 150ರಲ್ಲೇ ನಿಂತಿದ್ದರೆ ಡೋಸಿನ ಬಗ್ಗೆಯೂ ಡಾಕ್ಟರ ಹತ್ತಿರ ಮಾತಾಡಬೇಕು. ಅದಕ್ಕೂ ನಿಮ್ಮ ಮನಸ್ಸಿನ ಗಟ್ಟಿತನಕ್ಕೂ ಸಂಬಂಧ ಇಲ್ಲ.

ತೋಳಿಗೆ ಕಟ್ಟುವ ಬೀಪಿ ಯಂತ್ರ ಮನೆಯಲ್ಲಿದ್ದರೆ ವಾರಕ್ಕೆ ಎರಡು ದಿನ ಬೆಳಿಗ್ಗೆ, ಚಹಾದ ಮೊದಲು, ಐದು ನಿಮಿಷ ಬೆನ್ನು ಒರಗಿಸಿ ಪಾದ ನೆಲಕ್ಕೆ ಊರಿ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆಯಿರಿ. ಮನೆಯ ಲೆಕ್ಕದಲ್ಲಿ 135/85ಕ್ಕಿಂತ ಕೆಳಗೆ ಬರಬೇಕು. ದಿನಕ್ಕೆ ಹತ್ತು ಸಲ ನೋಡುವವರಿದ್ದಾರೆ, ಅವರಿಗೆ ಯಂತ್ರ ನೋಡಿಯೇ ಬೀಪಿ ಏರುತ್ತದೆ. ಉಪ್ಪಿನ ಪ್ಯಾಕೆಟ್ಟಿನ ದಿನ ಮೊದಲು ಹೆಚ್ಚುತ್ತದೆ, ಬೀಪಿ ಆಮೇಲೆ ಹಿಂಬಾಲಿಸುತ್ತದೆ. ಆ ಕ್ರಮದಲ್ಲೇ ಕಾಯಿರಿ.

ಕೊನೆಗೆ ಮಿಡಿ. ಚಿರುಟುವ ತನಕ ಹರಳುಪ್ಪಿನಲ್ಲಿ ಬಿದ್ದುಕೊಂಡ ಕಾಯಿ ಅದು, ರಸಸಮೇತ ಒಂದು ಮಿಡಿ ಒಂದರಿಂದ ಎರಡು ಗ್ರಾಂ ಉಪ್ಪು ಹಿಡಿದಿರಬಹುದು. ಅಂದರೆ ನಿಮ್ಮ ಇಡೀ ದಿನದ ಪಾಲಿನ ಐದರಲ್ಲಿ ಎರಡು ಭಾಗದವರೆಗೆ. ಆದರೂ ‘ಪೂರ್ತಿ ಬಿಡುತ್ತೇನೆ’ ಎಂಬುದಕ್ಕೆ ನೀವು ಹತ್ತರಲ್ಲಿ ಏಳು ಕೊಡುವುದಿಲ್ಲ ಎಂದು ನನಗೆ ಖಾತ್ರಿ. ನಾನಾದರೂ ಕೊಡುವುದಿಲ್ಲ. ವಾರಕ್ಕೆ ಎರಡು ದಿನ, ಉಪ್ಪು ಹಾಕದ ಗಂಜಿಯ ಜೊತೆ, ರಸ ಭರಣಿಯಲ್ಲೇ ಉಳಿಸಿ ಅರ್ಧ ಮಿಡಿ. ಆ ಹೊತ್ತಿಗೆ ಹಪ್ಪಳ ಇಲ್ಲ, ಒಣಮೀನು ಇಲ್ಲ. ಮುಂದಿನ ವರ್ಷ ಭರಣಿಗೇ ಕಡಿಮೆ ಉಪ್ಪು ಹಾಕುವ ಯೋಚನೆ ಮಾಡಬೇಡಿ, ಬೂಸು ಬಂದು ಅಷ್ಟೂ ಹಾಳಾಗುತ್ತದೆ. ಹಾಕುವ ಭರಣಿಯನ್ನೇ ಸಣ್ಣದು ಮಾಡಿ, ಉಳಿದ ದಿನಕ್ಕೆ ಮಾವಿನಕಾಯಿ ಕೊಚ್ಚಿ ಎರಡು ದಿನದ ಮಟ್ಟಿಗೆ ಫ್ರಿಜ್ಜಿನಲ್ಲಿಡುವ ಹಸಿ ಉಪ್ಪಿನಕಾಯಿ ಮಾಡಿಕೊಳ್ಳಿ. ಈಗಿರುವ ಎರಡರಲ್ಲಿ ಒಂದು ಭರಣಿಯನ್ನು ಮುಂಬೈಯ ನೆಂಟರಿಗೆ ಕಳಿಸಬಹುದು. ಕಳಿಸುವ ಮೊದಲು ಅವರ ಬೀಪಿ ಎಷ್ಟೆಂದು ಒಂದು ಫೋನ್ ಮಾಡಿ ಕೇಳಿ.